ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್: ಮನೆಯಲ್ಲೇ ಬದಲಾಯಿಸಬಹುದೇ?

ಪ್ರಶ್ನೆ: ನಾನು ಶಿವಮೊಗ್ಗದವನು. 2012ರ ಹೋಂಡಾ ಸಿಟಿ ಆಟೊಮ್ಯಾಟಿಕ್ ಕಾರನ್ನು ಮೂರು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಈಗ 96,000 ಕಿ.ಮೀ. ಆಗಿದೆ. ತಿಂಗಳಿಗೆರಡು ಸಲ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಬರುತ್ತೇನೆ. ಇತ್ತೀಚೆಗೆ ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹೋಗುತ್ತಿದ್ದರೆ ರಸ್ತೆಯ ರಂಬಲ್ ಪಟ್ಟಿಗಳ ಮೇಲೆ ಹೋದಂತೆ ಒಂದೆರಡು ಕ್ಷಣ ಗಡಗಡ ನಡುಕ ಬರುತ್ತದೆ. ಒಂದು ಗ್ಯಾರೇಜಿನವರು ‘ಇದು ಲೈಫ್‌ಟೈಮ್ ಆಯಿಲ್, ಬದಲಾಯಿಸುವುದೇ ಬೇಡ’ ಎನ್ನುತ್ತಾರೆ. ಇನ್ನೊಬ್ಬರು ಮಷಿನ್ ಹಾಕಿ ಫ್ಲಶ್ ಮಾಡಿಸಿ ಎನ್ನುತ್ತಾರೆ. ಹಳೆಯ ಆಯಿಲ್ ತೆಗೆದರೆ ಗೇರ್‌ಬಾಕ್ಸೇ ಹೋಗುತ್ತದೆ ಎಂದು ನೆರೆಮನೆಯವರು ಹೆದರಿಸುತ್ತಾರೆ. ಇಂಜಿನ್ ಆಯಿಲನ್ನು ನಾನೇ ಮನೆಯಲ್ಲಿ ಬದಲಾಯಿಸುತ್ತೇನೆ. ಇದನ್ನೂ ಮಾಡಬಹುದೇ?

ಉತ್ತರ: ಮಾಡಬಹುದು. ಇಂಜಿನ್ ಆಯಿಲ್ ಬದಲಾಯಿಸಿ ಅಭ್ಯಾಸವಿರುವ ಕೈಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದ ಬಿಚ್ಚುವ ಕೆಲಸ ಬಹಳ ಕಡಿಮೆ. ಆದರೆ ಅಳತೆಯ ವಿಷಯದಲ್ಲಿ ಇಂಜಿನ್ ಕ್ಷಮಿಸುವಷ್ಟು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕ್ಷಮಿಸುವುದಿಲ್ಲ. ಇಂಜಿನ್ನಿಗೆ ಇನ್ನೂರು ಮಿಲಿಲೀಟರ್ ಹೆಚ್ಚುಕಡಿಮೆಯಾದರೆ ಏನೂ ಆಗದಿರಬಹುದು, ಇಲ್ಲಿ ಅದು ಗೇರು ಬೀಳುವ ರೀತಿಯನ್ನೇ ಬದಲಿಸಬಲ್ಲದು. ನಿಮ್ಮ ಅದೃಷ್ಟಕ್ಕೆ 2008ರ ಕೊನೆಯಿಂದ 2013ರವರೆಗೆ ಬಂದ ಸಿಟಿಯ ಐದು ಗೇರಿನ ಆಟೊಮ್ಯಾಟಿಕ್, ಮನೆಯಲ್ಲಿ ಆಯಿಲ್ ಬದಲಾಯಿಸಲು ಅತ್ಯಂತ ಅನುಕೂಲವಾದ ಗೇರ್‌ಬಾಕ್ಸ್‌ಗಳಲ್ಲಿ ಒಂದು: ಅದಕ್ಕೆ ತಳದಲ್ಲಿ ಆಯಿಲ್ ಇಳಿಸುವ ಡ್ರೇನ್ ಬೋಲ್ಟ್ ಇದೆ, ಮೇಲೆ ಮಟ್ಟ ನೋಡುವ ಡಿಪ್‌ಸ್ಟಿಕ್ ಇದೆ, ತಳದ ಪ್ಯಾನ್ ಬಿಚ್ಚುವ ರಗಳೆ ಇಲ್ಲ. ಇಂದಿನ ಅನೇಕ ಆಟೊಮ್ಯಾಟಿಕ್ ಕಾರುಗಳಲ್ಲಿ ಡಿಪ್‌ಸ್ಟಿಕ್ಕನ್ನೇ ತೆಗೆದುಹಾಕಿ, ಸ್ಕ್ಯಾನರಿನಲ್ಲಿ ಆಯಿಲಿನ ಉಷ್ಣತೆ ನೋಡುತ್ತಾ ಮಟ್ಟ ಹೊಂದಿಸಬೇಕಾದ ವ್ಯವಸ್ಥೆ ಮಾಡಿರುವುದರಿಂದ, ನಾನು ಈಗ ಬರೆಯುವುದನ್ನು ನೀವು ಬೇರೆ ಕಾರಿಗೆ ಹಾಗೆಯೇ ಅನ್ವಯಿಸಬಾರದು.

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನಡುಕ ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಹಿಂದೆ ವಾಹನಗಳಿಲ್ಲದ ನೇರ ರಸ್ತೆಯಲ್ಲಿ ನಡುಕ ಶುರುವಾದ ಕೂಡಲೇ, ಆಕ್ಸಿಲರೇಟರಿನಿಂದ ಬಲಗಾಲು ತೆಗೆಯದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಹಿಂದಿನ ದೀಪ ಹೊತ್ತುವಷ್ಟು ಮಾತ್ರ, ಕಾರಿನ ವೇಗ ತಗ್ಗದಷ್ಟು ಹಗುರವಾಗಿ ಮುಟ್ಟಿ. ಬ್ರೇಕಿನ ಸ್ವಿಚ್ ಒತ್ತಿತೆಂದು ಗೊತ್ತಾದ ತಕ್ಷಣ ಗೇರ್‌ಬಾಕ್ಸಿನ ಕಂಪ್ಯೂಟರ್ ಇಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ಸಾಗಿಸುವ ಟಾರ್ಕ್ ಕನ್ವರ್ಟರಿನೊಳಗಿದ್ದು ಎರಡನ್ನೂ ನೇರವಾಗಿ ಬೆಸೆಯುವ ಲಾಕ್‌ಅಪ್ ಕ್ಲಚ್ಚನ್ನು ಬಿಡಿಸುತ್ತದೆ. ಆ ಕ್ಷಣದಲ್ಲೇ ನಡುಕ ಕತ್ತರಿಸಿದಂತೆ ನಿಂತು, ಕಾಲು ತೆಗೆದ ಒಂದೆರಡು ಸೆಕೆಂಡಿನಲ್ಲಿ ಮರಳಿದರೆ ಅದು ಲಾಕ್‌ಅಪ್ ಕ್ಲಚ್ಚಿನ ನಡುಕ. ಆಯಿಲ್ ಬದಲಾಯಿಸಿದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಪೆಡಲ್ ಮುಟ್ಟಿದರೂ ನಡುಕ ಮುಂದುವರಿದರೆ ಚಕ್ರದ ಬ್ಯಾಲೆನ್ಸಿಂಗ್, ಡ್ರೈವ್ ಶಾಫ್ಟ್ ಮುಂತಾದವನ್ನು ನೋಡಬೇಕು. ಏರಿನಲ್ಲಿ ಜೋರಾಗಿ ಒತ್ತಿದಾಗಲೇ ಹೆಚ್ಚಾದರೆ ಸ್ಪಾರ್ಕ್ ಪ್ಲಗ್ಗಿನ ಕಡೆ ಅನುಮಾನ ಹೋಗಬೇಕು. ನಿಂತಲ್ಲೇ ‘ಪಿ’ಯಿಂದ ‘ಡಿ’ಗೆ ಹಾಕಿದಾಗ ಮಾತ್ರ ದಡಕ್ಕೆಂದರೆ ಬಹುಮಟ್ಟಿಗೆ ಇಂಜಿನ್ನನ್ನು ಹಿಡಿದಿಡುವ ಮೌಂಟಿನ ದೋಷ. ಮೀಟರ್ ಫಲಕದಲ್ಲಿ ‘ಡಿ’ ಅಕ್ಷರ ಮಿಣುಕುತ್ತಿದ್ದರೆ ಕಂಪ್ಯೂಟರ್ ದೋಷವೊಂದನ್ನು ದಾಖಲಿಸಿಕೊಂಡಿದೆ ಎಂದರ್ಥ. ಆಗ ಆಯಿಲಿನ ಗೊಡವೆಗೆ ಹೋಗದೆ ಮೊದಲು ಸ್ಕ್ಯಾನ್ ಮಾಡಿಸಿ.

ಆಯಿಲಿಗೂ ನಡುಕಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಇಂಜಿನ್ ಆಯಿಲಿನ ಮುಖ್ಯ ಕೆಲಸ ಜಾರಿಸುವುದು. ಎಟಿಎಫ್ ಎಂದು ಕರೆಯುವ ಈ ಆಯಿಲ್ ಜಾರಿಸಲೂ ಬೇಕು, ಹಿಡಿಸಲೂ ಬೇಕು. ಗೇರುಗಳಿಗೆ ಜಿಡ್ಡು, ಕವಾಟಗಳನ್ನು ತಳ್ಳುವ ಒತ್ತಡ, ಟಾರ್ಕ್ ಕನ್ವರ್ಟರಿನಲ್ಲಿ ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ಸಾಗಿಸುವ ಮಾಧ್ಯಮ, ಹುಟ್ಟಿದ ಶಾಖವನ್ನು ಹೊತ್ತೊಯ್ಯುವ ದ್ರವ ಎಲ್ಲವೂ ಅದೇ. ಇವೆಲ್ಲದರ ಜೊತೆಗೆ ಆಯಿಲಿನಲ್ಲೇ ಮುಳುಗಿರುವ ಕ್ಲಚ್ ತಟ್ಟೆಗಳು ಒಂದನ್ನೊಂದು ಮುಟ್ಟಿದಾಗ ಎಷ್ಟು ಜಾರಬೇಕು, ಎಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು ಎಂಬುದನ್ನೂ ಅದರಲ್ಲಿ ಬೆರೆಸಿದ ಘರ್ಷಣ ನಿಯಂತ್ರಕಗಳೇ ನಿರ್ಧರಿಸುತ್ತವೆ. ಲಾಕ್‌ಅಪ್ ಕ್ಲಚ್ ಹಗುರವಾದ ಭಾರದಲ್ಲಿ ತುಸು ಜಾರುತ್ತಲೇ ಹಿಡಿಯುವಂತೆ ರೂಪಿಸಿರುವಂಥದ್ದು. ಆ ನಿಯಂತ್ರಕಗಳು ಸವೆದುಹೋದಾಗ ಅದು ನಯವಾಗಿ ಜಾರುವ ಬದಲು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಸೆಕೆಂಡಿಗೆ ಹಲವಾರು ಸಲ ಹೀಗೆ ಮಾಡುತ್ತದೆ. ನಿಮಗೆ ಸೀಟಿನಲ್ಲಿ ತಿಳಿಯುವ ಗಡಗಡ ಅದೇ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಈ ಗುಣಕ್ಕಾಗಿ ಆಟೊಮ್ಯಾಟಿಕ್ ಆಯಿಲಿಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರ ದಶಕದಲ್ಲಿ ಅಲ್ಲಿ ಅದಕ್ಕೆ ನಿಷೇಧ ಬಂದಾಗ ಬದಲಿ ರಾಸಾಯನಿಕ ಹುಡುಕುವುದಕ್ಕೆ ಆಯಿಲ್ ಕಂಪನಿಗಳು ಒದ್ದಾಡಬೇಕಾಯಿತು. ಎತ್ತಿನ ಗಾಡಿಯ ಕೀಲಿಗೆ ಯಾವ ಎಣ್ಣೆ ಸಿಕ್ಕಿದರೂ ನಡೆಯುತ್ತಿದ್ದಂತೆ ಇಲ್ಲಿ ನಡೆಯದಿರುವುದಕ್ಕೆ ಕಾರಣ ಈ ನಿಯಂತ್ರಕಗಳ ಸೂಕ್ಷ್ಮ ಲೆಕ್ಕಾಚಾರ.

ಈ ರಾಸಾಯನಿಕಗಳನ್ನು ಕೊಲ್ಲುವುದು ಶಾಖ. ಸುಮಾರು 80-90 ಡಿಗ್ರಿಯಲ್ಲಿ ನೆಮ್ಮದಿಯಾಗಿರುವ ಆಯಿಲ್, ಪ್ರತಿ 10 ಡಿಗ್ರಿ ಏರಿಕೆಗೆ ಸರಿಸುಮಾರು ಎರಡು ಪಟ್ಟು ವೇಗವಾಗಿ ಕೆಡುತ್ತದೆ ಎಂಬುದು ಈ ಕ್ಷೇತ್ರದ ಸ್ಥೂಲ ನಿಯಮ. ನೀವು ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ, ಹೇರ್‌ಪಿನ್ ತಿರುವುಗಳಲ್ಲಿ ಬಸ್ಸಿನ ಹಿಂದೆ ತೆವಳುತ್ತಾ ಹೋಗುವಷ್ಟು ಹೊತ್ತೂ ಲಾಕ್‌ಅಪ್ ಬಿಟ್ಟೇ ಇರುತ್ತದೆ, ಟಾರ್ಕ್ ಕನ್ವರ್ಟರ್ ಜಾರುತ್ತಲೇ ಇರುತ್ತದೆ, ಜಾರಿದ್ದೆಲ್ಲ ಶಾಖವಾಗಿ ಆಯಿಲಿಗೆ ಸೇರುತ್ತದೆ. ತಿಂಗಳಿಗೆರಡು ಸಲ ಹೀಗೆ ಕಾಯುವ ಆಯಿಲಿಗೆ ‘ಲೈಫ್‌ಟೈಮ್’ ಎಂಬ ಮಾತು ಹೊಂದುವುದಿಲ್ಲ. ಎಲ್ಲಿಯಾದರೂ ಆ ಮಾತು ಬಂದಾಗ ಯಾರ ಆಯುಷ್ಯ ಎಂದು ಕೇಳಬೇಕು. ಗೇರ್‌ಬಾಕ್ಸಿನ ಆಯುಷ್ಯವೇ ಆಯಿಲಿನ ಆಯುಷ್ಯವಾದರೆ ಹೇಳಿಕೆಯೇನೋ ಸುಳ್ಳಾಗುವುದಿಲ್ಲ.

ನಿಮ್ಮ ನೆರೆಮನೆಯವರ ಭಯಕ್ಕೆ ಅರ್ಧ ಆಧಾರವಿದೆ. ಕ್ಲಚ್ ತಟ್ಟೆಗಳ ಲೇಪ ಪೂರ್ತಿ ಸವೆದು, ಆಯಿಲ್ ಸುಟ್ಟು ಕಪ್ಪಾಗಿ, ಗೇರು ಜಾರಲಾರಂಭಿಸಿದ ಮೇಲೆ ಕೊನೆಯ ಉಪಾಯವೆಂದು ಆಯಿಲ್ ಬದಲಾಯಿಸಿದವರ ಗೇರ್‌ಬಾಕ್ಸ್‌ಗಳು ಸ್ವಲ್ಪ ದಿನದಲ್ಲೇ ನಿಂತಿವೆ. ಅವು ಹೇಗೂ ನಿಲ್ಲುತ್ತಿದ್ದವು. ತೇಲುತ್ತಿದ್ದ ಲೇಪದ ಪುಡಿ ಕೊಡುತ್ತಿದ್ದ ಅಷ್ಟಿಷ್ಟು ಹಿಡಿತವೂ ಹೊಸ ಆಯಿಲಿನಲ್ಲಿ ಹೋದದ್ದರಿಂದ ಅಂತ್ಯ ಬೇಗ ಬಂತು, ಅಪವಾದ ಹೊಸ ಆಯಿಲಿನ ತಲೆಗೆ ಬಂತು. ನಿಮ್ಮ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿನ ವೇಗ ಮಾತ್ರ ಏರಿ ಕಾರು ಏರದಿರುವ ಲಕ್ಷಣವನ್ನು ನೀವು ಬರೆದಿಲ್ಲವಾದ್ದರಿಂದ ಆ ಹಂತ ಬಂದಿಲ್ಲವೆಂದು ಭಾವಿಸುತ್ತೇನೆ. ಮಷಿನ್ ಫ್ಲಶ್ಶಿನ ಬಗ್ಗೆ ನನ್ನ ಅಭಿಪ್ರಾಯ ನೇರವಾದದ್ದು: ಇತಿಹಾಸ ಗೊತ್ತಿಲ್ಲದ, ಇಷ್ಟು ಕಿ.ಮೀ. ಓಡಿದ ಗೇರ್‌ಬಾಕ್ಸಿಗೆ ಬೇಡ. ಒತ್ತಡದಿಂದ ಒಂದೇ ಸಲಕ್ಕೆ ತೊಳೆದಾಗ ವರ್ಷಗಳಿಂದ ಮೂಲೆಯಲ್ಲಿ ಕುಳಿತಿದ್ದ ಕೆಸರು ಎದ್ದು, ಆಯಿಲಿನ ಹರಿವನ್ನು ನಿಯಂತ್ರಿಸುವ ವಿದ್ಯುತ್ ಕವಾಟಗಳಾದ ಸೊಲೆನಾಯ್ಡ್‌ಗಳ ಮುಂದಿರುವ ಸಣ್ಣ ಜಾಲರಿಗಳಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಮಷಿನ್ನಿನಲ್ಲಿ ಹಿಂದಿನ ಕಾರಿನ ಯಾವ ಆಯಿಲ್ ಉಳಿದಿತ್ತು ಎಂಬುದೂ ನಿಮಗೆ ತಿಳಿಯುವುದಿಲ್ಲ.

ಹಾಗಾಗಿ ಉಳಿಯುವುದು ಇಳಿಸಿ ತುಂಬುವ ವಿಧಾನ. ಈ ಗೇರ್‌ಬಾಕ್ಸಿನಲ್ಲಿ ಒಟ್ಟು ಸುಮಾರು ಐದೂವರೆಯಿಂದ ಆರು ಲೀಟರ್ ಆಯಿಲ್ ಇರುತ್ತದೆ. ಡ್ರೇನ್ ಬೋಲ್ಟ್ ಬಿಚ್ಚಿದರೆ ಎರಡೂವರೆ ಲೀಟರಿನ ಆಸುಪಾಸು ಮಾತ್ರ ಇಳಿಯುತ್ತದೆ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೂ ಕ್ಲಚ್ಚುಗಳಲ್ಲೂ ಕೂಲರಿನ ಕೊಳವೆಗಳಲ್ಲೂ ಇರುತ್ತದೆ. ಪ್ರತಿ ಸಲ ನೂರಕ್ಕೆ 40 ಭಾಗ ಬದಲಾಗುತ್ತದೆ ಎಂದು ಹಿಡಿದರೆ, ಒಂದು ಸಲದ ನಂತರ ಹಳೆಯದು 60 ಭಾಗ, ಎರಡನೆಯ ಸಲದ ನಂತರ 36, ಮೂರನೆಯದರ ನಂತರ ಸುಮಾರು 22 ಭಾಗ ಉಳಿಯುತ್ತದೆ. ನಾಲ್ಕನೆಯ ಸಲಕ್ಕೆ ಕೊಟ್ಟ ದುಡ್ಡಿಗೆ ಸಿಗುವ ಫಲ ಕಡಿಮೆ. ಆದ್ದರಿಂದ ಮೂರು ಸಲ ಮಾಡಿ, ಎಂಟು ಲೀಟರ್ ತಂದಿಟ್ಟುಕೊಳ್ಳಿ.

ಯಾವ ಆಯಿಲ್ ಎಂಬುದರಲ್ಲಿ ರಿಯಾಯಿತಿ ಇಲ್ಲ. ಬೇಕಾದದ್ದು ಹೋಂಡಾದ ಎಟಿಎಫ್ ಡಿಡಬ್ಲ್ಯೂ-1. ಕೈಪಿಡಿಯಲ್ಲಿ ಝಡ್-1 ಎಂದಿದ್ದರೂ ಅದನ್ನು ನಿಲ್ಲಿಸಿ ಅದರ ಜಾಗದಲ್ಲಿ ತಂದಿರುವುದು ಇದನ್ನೇ. ಅಂಗಡಿಯಲ್ಲಿ ‘ಹೋಂಡಾ ಸಿಟಿ ಆಟೊಮ್ಯಾಟಿಕ್ ಆಯಿಲ್’ ಎಂದು ಮಾತ್ರ ಕೇಳಬೇಡಿ, ಏಕೆಂದರೆ 2014ರಿಂದ ಬಂದ ಸಿಟಿಯ ಪೆಟ್ರೋಲ್ ಆಟೊಮ್ಯಾಟಿಕ್ ಸಿವಿಟಿ, ಅಂದರೆ ಮೆಟ್ಟಿಲು ಮೆಟ್ಟಿಲಾದ ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಬೇರೆ ಜಾತಿಯದು. ಅದಕ್ಕೆ ಹಾಕುವುದು ಎಚ್‌ಸಿಎಫ್-2, ನಿಮ್ಮ ಕಾರಿಗೆ ಅದು ಸಲ್ಲದು. ನಿಮಗಿಂತ ಹಿಂದಿನ ತಲೆಮಾರಿನ ಸಿಟಿಯಲ್ಲಿದ್ದದ್ದೂ ಸಿವಿಟಿಯೇ. ಹೆಸರು ಒಂದೇ, ಗೇರ್‌ಬಾಕ್ಸ್ ಬೇರೆ. ‘ಗೇರ್ ಆಯಿಲ್’ ಎಂದು ಕೇಳುವುದಂತೂ ಇನ್ನೂ ಅಪಾಯ: ನಮ್ಮ ಅಂಗಡಿಗಳಲ್ಲಿ ಆ ಮಾತಿಗೆ ಅರ್ಥ ಲಾರಿ, ಟ್ರ್ಯಾಕ್ಟರುಗಳ ಗೇರ್‌ಬಾಕ್ಸಿಗೆ ಹಾಕುವ, ಜೇನಿನಷ್ಟು ದಪ್ಪನೆಯ ನೈಂಟಿ ನಂಬರಿನ ಆಯಿಲ್. ‘ಕೆಂಪು ಆಯಿಲ್’ ಎಂದರೆ ಪವರ್ ಸ್ಟೀರಿಂಗಿಗೆ ಹಾಕುವ ಡೆಕ್ಸ್‌ರಾನ್ ಜಾತಿಯದ್ದು ಬರುತ್ತದೆ. ಅದೂ ಎಟಿಎಫ್ ಕುಲದ್ದೇ, ಬಣ್ಣವೂ ಅದೇ, ಆದರೆ ಅದರ ಘರ್ಷಣೆಯ ಗುಣ ನಿಮ್ಮ ಕ್ಲಚ್ಚುಗಳಿಗೆ ಹೊಂದುವಂಥದ್ದಲ್ಲ. (ನಿಮ್ಮ ಕಾರಿನ ಸ್ಟೀರಿಂಗ್ ವಿದ್ಯುತ್ತಿನದು, ಅದಕ್ಕೆ ಯಾವ ಆಯಿಲೂ ಇಲ್ಲ.) ಡಬ್ಬಿಯ ಮೇಲೆ ಡಿಡಬ್ಲ್ಯೂ-1 ಎಂಬ ಅಕ್ಷರಗಳನ್ನು ಕಣ್ಣಾರೆ ನೋಡಿ, ಸೀಲ್ ಒಡೆಯದಿರುವುದನ್ನು ನೋಡಿ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರಿದ್ದರೆ ತರಿಸಬಹುದು, ಆದರೆ ಹತ್ತಿರದ ಹೋಂಡಾ ಬಿಡಿಭಾಗಗಳ ಕೌಂಟರಿನಲ್ಲಿ ಬಿಲ್ಲು ಹಾಕಿಸಿ ಕೊಳ್ಳುವುದು ನನ್ನ ಆಯ್ಕೆ. ಅಲ್ಲೇ ಎಟಿಎಫ್ ಡ್ರೇನ್ ಬೋಲ್ಟಿನ 18 ಮಿ.ಮೀ. ಅಲ್ಯುಮಿನಿಯಂ ವಾಷರ್ ಮೂರು ತೆಗೆದುಕೊಳ್ಳಿ. ಇಂಜಿನ್ ಬೋಲ್ಟಿನ ವಾಷರ್ 14 ಮಿ.ಮೀ., ಅದು ಇದಕ್ಕೆ ಕೂರುವುದಿಲ್ಲ.

ಉಪಕರಣಗಳಲ್ಲಿ ವಿಶೇಷವಾದದ್ದು ಒಂದೇ. ಹೋಂಡಾದ ಈ ಡ್ರೇನ್ ಬೋಲ್ಟಿಗೆ ಹೊರಗೆ ಆರು ಮೂಲೆಯ ತಲೆ ಇಲ್ಲ. ಮಧ್ಯದಲ್ಲಿ ಚೌಕಾಕಾರದ ಕುಳಿ ಇದೆ. ಮೂರೆಂಟಂಶ ಇಂಚಿನ, ಅಂದರೆ ಸುಮಾರು ಒಂಬತ್ತೂವರೆ ಮಿ.ಮೀ.ನ ರ‍್ಯಾಚೆಟ್ ಹಿಡಿಕೆಯ ಚೌಕ ತುದಿ, ಸಾಕೆಟ್ ಇಲ್ಲದೆ, ನೇರವಾಗಿ ಅದರೊಳಗೆ ಕೂರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಸೆಟ್ಟುಗಳು ಅರ್ಧ ಇಂಚಿನವು. ಅವು ಹಿಡಿಸುವುದಿಲ್ಲವೆಂದು ಆರು ಮೂಲೆಯ ಅಲೆನ್ ಕೀ ತುರುಕಿ ತಿರುಗಿಸಿದರೆ ಕುಳಿಯ ಮೂಲೆಗಳು ಉರುಟಾಗಿ, ಆಮೇಲೆ ಬೋಲ್ಟನ್ನು ಬೆಸುಗೆ ಹಾಕಿ ತೆಗೆಸುವ ಪರಿಸ್ಥಿತಿ ಬರುತ್ತದೆ. ಇದಲ್ಲದೆ ಡಿಪ್‌ಸ್ಟಿಕ್ ತೂತಿಗೆ ಇಳಿಯುವಷ್ಟು ತೆಳ್ಳಗಿನ, ಉದ್ದನೆಯ ಕೊಳವೆ ಜೋಡಿಸಿದ ಆಲಿಕೆ, ಅಗಲವಾದ ಬಾಣಲಿ ಅಥವಾ ಟಬ್, ಅಳತೆಯ ಜಗ್ಗು, ಕೈಗವಸು ಇರಲಿ. ಒರೆಸಲು ಗ್ಯಾರೇಜುಗಳಲ್ಲಿ ಬಳಸುವ ಬನಿಯನ್ ವೇಸ್ಟ್ ಬೇಡ. ಅದರ ನೂಲಿನ ಎಳೆಯೊಂದು ಒಳಗೆ ಹೋಗಿ ಕವಾಟದ ಬಾಯಲ್ಲಿ ಸಿಕ್ಕಿಕೊಂಡರೆ ನೀವು ಮಾಡಿದ ಕೆಲಸವೆಲ್ಲ ತಿರುಗುಬಾಣವಾಗುತ್ತದೆ. ಒಗೆದ ಹಳೆಯ ಷರ್ಟಿನ ಬಟ್ಟೆ ಸಾಕು.

ಕಾರನ್ನು ಎತ್ತುವ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕ್ ಸ್ಟೆಪ್ನಿ ಬದಲಾಯಿಸಲು ಮಾತ್ರ. ಅದರ ಭರವಸೆಯ ಮೇಲೆ ಕಾರಿನ ಅಡಿಗೆ ತಲೆ ಹಾಕಬಾರದು. ಇಟ್ಟಿಗೆ, ಹಾಲೊ ಬ್ಲಾಕ್ ಕೂಡ ಬೇಡ. ಅವು ಬಾಗುವುದಿಲ್ಲ, ಸೂಚನೆಯನ್ನೇ ಕೊಡದೆ ಒಡೆಯುತ್ತವೆ. ಜಾಕ್ ಸ್ಟ್ಯಾಂಡ್ ಜೋಡಿ ಇರಲಿ, ಇಲ್ಲವೇ ಮುಂಚಕ್ರ ಹತ್ತಿಸುವ ಉಕ್ಕಿನ ರ‍್ಯಾಂಪ್ ಇರಲಿ. ಇನ್ನೊಂದು ಸಂಗತಿಯನ್ನು ಅನುಭವಿಗಳೂ ಮರೆಯುತ್ತಾರೆ. ನಿಮ್ಮ ಕಾರಿನಲ್ಲಿ ಇಂಜಿನ್ ತಿರುಗಿಸುವುದು ಮುಂಚಕ್ರಗಳನ್ನು; ‘ಪಿ’ಗೆ ಹಾಕಿದಾಗ ಬಂಧಿತವಾಗುವುದೂ ಅವೇ. ಜಾಕಿನಿಂದ ಮುಂಭಾಗವನ್ನು ಎತ್ತಿದ ಮೇಲೆ ಆ ಚಕ್ರಗಳು ಗಾಳಿಯಲ್ಲಿರುತ್ತವೆ, ‘ಪಿ’ ಇದ್ದೂ ಇಲ್ಲದಂತಾಗುತ್ತದೆ. ಆಗ ಕಾರನ್ನು ಹಿಡಿಯುವುದು ಹಿಂಚಕ್ರಗಳ ಹ್ಯಾಂಡ್‌ಬ್ರೇಕ್ ಮತ್ತು ಅವುಗಳಿಗೆ ಹಿಂದೆ ಮುಂದೆ ಒತ್ತಿಟ್ಟ ಅಡ್ಡೆ ಮಾತ್ರ. ಅಡ್ಡೆಗಳನ್ನು ಇಟ್ಟ ಮೇಲೆಯೇ ಎತ್ತಬೇಕು, ಎತ್ತಿದ ಮೇಲೆ ಇಡುವುದಲ್ಲ. ನಿಮ್ಮ ಅಂಗಳ ಇಳಿಜಾರಾಗಿದ್ದರೆ ಈ ಕೆಲಸವನ್ನು ಅಲ್ಲಿ ಮಾಡಲೇಬೇಡಿ. ಪರಿಚಯದ ಗ್ಯಾರೇಜಿನ ಹೊಂಡವನ್ನೋ ಲಿಫ್ಟನ್ನೋ ಅರ್ಧ ಗಂಟೆಗೆ ಕೇಳಿ.

ಹತ್ತು ಹದಿನೈದು ನಿಮಿಷ ಕಾರು ಓಡಿಸಿ ಬಂದರೆ ಆಯಿಲ್ ಬಿಸಿಯಾಗಿ, ತಳದಲ್ಲಿ ಕುಳಿತ ಪುಡಿ ಅದರಲ್ಲಿ ಬೆರೆತಿರುತ್ತದೆ. ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ, ಸೈಲೆನ್ಸರ್ ಕೊಳವೆಯೂ ಪಕ್ಕದಲ್ಲೇ ಕಾದಿರುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಶುರುಮಾಡಿ. ಮೊದಲು ಮೇಲಿನ ಡಿಪ್‌ಸ್ಟಿಕ್ಕನ್ನು ಹೊರಗೆಳೆಯಿರಿ. ಅದು ಇಂಜಿನ್ನಿನ ಡಿಪ್‌ಸ್ಟಿಕ್ ಅಲ್ಲ. ಗೇರ್‌ಬಾಕ್ಸಿನ ಕಡೆ, ತುಸು ಕೆಳಗೆ ಹುದುಗಿರುವ ಇನ್ನೊಂದು. ತುಂಬುವ ದಾರಿ ತೆರೆಯುತ್ತದೆ ಎಂದು ಖಚಿತವಾಗದೆ ಯಾವ ಗೇರ್‌ಬಾಕ್ಸಿನಿಂದಲೂ ಆಯಿಲ್ ಇಳಿಸಬಾರದು. ತುಂಬುವ ಬೋಲ್ಟ್ ಪ್ರತ್ಯೇಕವಾಗಿರುವ ಬೇರೆ ಕಾರುಗಳಲ್ಲಿ ಆ ಬೋಲ್ಟ್ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬಿಚ್ಚದೆ, ಖಾಲಿ ಗೇರ್‌ಬಾಕ್ಸಿನ ಕಾರನ್ನು ಟೋಯಿಂಗ್ ಮಾಡಿಸಿದವರಿದ್ದಾರೆ.

ಈಗ ಅಡಿಗೆ ಹೋಗಿ. ಕಾರಿನ ಎಡಭಾಗದಲ್ಲಿ, ಎಡ ಮುಂಚಕ್ರದ ಒಳಮಗ್ಗುಲಿಗೆ ಗೇರ್‌ಬಾಕ್ಸಿನ ಅಲ್ಯುಮಿನಿಯಂ ಹೊದಿಕೆ ಕಾಣುತ್ತದೆ. ಪ್ಲಾಸ್ಟಿಕ್ ತಡೆ ಇದ್ದರೆ ಕ್ಲಿಪ್ಪು ಬಿಚ್ಚಿ ಸರಿಸಿ. ಬಿಚ್ಚಬೇಕಾದದ್ದು ಚೌಕ ಕುಳಿಯ ಬೋಲ್ಟ್. 17ರ ಸ್ಪ್ಯಾನರ್ ಹಿಡಿಸುವ ಆರು ಮೂಲೆ ತಲೆಯದ್ದು ಇಂಜಿನ್ನಿನದು. ಈ ಎರಡನ್ನು ಅದಲುಬದಲು ಮಾಡುವುದು ಹೋಂಡಾ ಕಾರುಗಳಲ್ಲಿ ಬಹಳ ಹಳೆಯ ಅವಾಂತರ: ಇಂಜಿನ್ ಆಯಿಲ್ ಬದಲಾಯಿಸುತ್ತೇನೆಂದು ಗೇರ್‌ಬಾಕ್ಸ್ ಖಾಲಿ ಮಾಡಿ, ಮೇಲೆ ಇಂಜಿನ್ನಿಗೆ ಇನ್ನೊಂದು ಪಾಲು ಸುರಿದು, ಎರಡನ್ನೂ ಕೆಡಿಸಿಕೊಳ್ಳುವುದು. ಬಂದ ಆಯಿಲ್ ಇಂಜಿನ್ನಿನದೆಂದು ಅನುಮಾನ ಬಂದರೆ ಅಲ್ಲೇ ನಿಲ್ಲಿಸಿ. ಎರಡನ್ನೂ ಹೊಸದಾಗಿ ತುಂಬದೆ ಸ್ಟಾರ್ಟ್ ಮಾಡಬೇಡಿ. ಬೋಲ್ಟ್ ಸಡಿಲವಾದ ಮೇಲೆ ಕೈಯಿಂದ ತಿರುಗಿಸುತ್ತಾ ಒಳಕ್ಕೆ ಒತ್ತಿ ಹಿಡಿದಿದ್ದು, ಕೊನೆಯ ಸುತ್ತು ಬಿಟ್ಟ ಕೂಡಲೇ ಪಕ್ಕಕ್ಕೆ ಸರಿಸಿ. ಆಯಿಲ್ ನೇರ ಕೆಳಗೆ ಬೀಳದೆ ಒಂದಡಿ ದೂರಕ್ಕೆ ಚಿಮ್ಮುವುದರಿಂದ ಬಾಣಲಿಯನ್ನು ಆ ಅಂದಾಜಿನಲ್ಲಿ ಇಟ್ಟಿರಬೇಕು.

ಹೊಸ ಡಿಡಬ್ಲ್ಯೂ-1ರ ಬಣ್ಣ ನಿಮ್ಮ ಕಡೆಯವರಿಗೆ ಪರಿಚಿತವಾದ ಪುನರ್ಪುಳಿ ಶರಬತ್ತಿನದು. ನಿಮ್ಮ ಬಾಣಲಿಯಲ್ಲಿ ಬೀಳುವುದು ಬಹುಶಃ ಕಾಫಿ ಡಿಕಾಕ್ಷನ್ನಿನಂತೆ ಇರುತ್ತದೆ, 96,000 ಕಿ.ಮೀ.ಗೆ ಅದು ಅನಿರೀಕ್ಷಿತವಲ್ಲ. ಎರಡು ಬೆರಳ ನಡುವೆ ಉಜ್ಜಿ, ಮೂಸಿ ನೋಡಿ. ಸುಟ್ಟ ವಾಸನೆ ಮೂಗಿಗೆ ಹೊಡೆದು, ಬೆರಳಿಗೆ ಮರಳು ತಾಕಿದಂತಾದರೆ ಕ್ಲಚ್ಚುಗಳಿಗೆ ಪೆಟ್ಟಾಗಿದೆ. ರೋಸ್ ಮಿಲ್ಕಿನಂತೆ ನಸುಗೆಂಪು ಹಾಲಾಗಿದ್ದರೆ ಎಲ್ಲೋ ಕೂಲಂಟ್ ಅಥವಾ ನೀರು ಸೇರಿದೆ; ಆಗ ತುಂಬಿ ಓಡಿಸದೆ ಕಾರಣ ಹುಡುಕಿಸಬೇಕು. ಬೋಲ್ಟಿನ ತುದಿಯಲ್ಲಿ ಆಯಸ್ಕಾಂತವಿದ್ದು, ಅದರ ಮೇಲೆ ಬೂದುಬಣ್ಣದ ಮೆತ್ತನೆಯ ಲೇಪ ಗೋಪುರದಂತೆ ನಿಂತಿರುತ್ತದೆ. ಇದನ್ನು ಕಂಡು ಅನೇಕರು ಗಾಬರಿಯಾಗುತ್ತಾರೆ. ಕಾಡಿಗೆಯಂತೆ ನುಣ್ಣಗೆ ಒರೆಸಿಹೋದರೆ ಅದು ಸಹಜ ಸವೆತ. ಉಗುರಿಗೆ ಸಿಗುವ ಚೂರು, ಸೂಜಿಯಂಥ ಎಳೆ, ಮುರಿದ ಹಲ್ಲಿನ ತುಣುಕು ಇದ್ದರೆ ಅದನ್ನು ಕಾಗದದಲ್ಲಿ ಕಟ್ಟಿಟ್ಟುಕೊಂಡು ಗೇರ್‌ಬಾಕ್ಸ್ ಬಿಚ್ಚುವ ಅನುಭವಿಗೆ ತೋರಿಸಿ; ಆಯಿಲ್ ಬದಲಾವಣೆಯಿಂದ ಅದು ಸರಿಹೋಗುವುದಿಲ್ಲ.

ಹನಿ ನಿಲ್ಲುವವರೆಗೆ, ಕಾಲು ಗಂಟೆಯಾದರೂ, ಇಳಿಯಲು ಬಿಡಿ. ಆಯಸ್ಕಾಂತ ಒರೆಸಿ, ಹೊಸ ವಾಷರ್ ಹಾಕಿ, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಬಿಗಿಯಬೇಕಾದದ್ದು 49 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ, ಕಾಲು ಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ 20 ಕೆ.ಜಿ. ಭಾರ ತೂಗುಹಾಕಿದಷ್ಟು ಬಲ ಎಂದು ಅಂದಾಜು ಮಾಡಿಕೊಳ್ಳಿ. ‘ಇರಲಿ ಇನ್ನೊಂದು ಸುತ್ತು’ ಎಂಬ ಆಸೆ ಬೇಡ. ಬೋಲ್ಟು ಉಕ್ಕಿನದು, ಗೇರ್‌ಬಾಕ್ಸ್ ಅಲ್ಯುಮಿನಿಯಮ್ಮಿನದು, ಕಿತ್ತುಹೋಗುವುದು ಅದರ ಥ್ರೆಡ್ಡುಗಳೇ.

ಈಗ ಈ ಕೆಲಸದ ಮರ್ಮಕ್ಕೆ ಬರೋಣ. ಎಷ್ಟು ಇಳಿಯಿತೋ ಅಷ್ಟನ್ನೇ ತುಂಬಬೇಕು, ಪುಸ್ತಕದಲ್ಲಿ ಬರೆದಷ್ಟನ್ನಲ್ಲ. ಆದರೆ ಇಳಿದದ್ದನ್ನು ಬಿಸಿಯಿರುವಾಗ ಅಳೆಯಬೇಡಿ. ಆಯಿಲ್ ಕಾದಾಗ ಹಿಗ್ಗುತ್ತದೆ. 80 ಡಿಗ್ರಿಯಲ್ಲಿ ಎರಡೂವರೆ ಲೀಟರ್ ತೋರುವುದು 25 ಡಿಗ್ರಿಗೆ ತಣಿದಾಗ ಸುಮಾರು 100 ಮಿಲಿಲೀಟರ್ ಕಡಿಮೆಯಾಗಿರುತ್ತದೆ. ನಿಮ್ಮ ಡಬ್ಬಿಯ ಹೊಸ ಆಯಿಲ್ ತಣ್ಣಗಿರುವುದರಿಂದ ಬಿಸಿಯ ಲೆಕ್ಕದಲ್ಲಿ ತುಂಬಿದರೆ ಅಷ್ಟು ಹೆಚ್ಚಾಗುತ್ತದೆ. ತಣಿದ ಮೇಲೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿಗಳಿಗೆ ತುಂಬಿ ಅಳೆದರೆ ಸಾಕು. ಬಿಸಿ ಆಯಿಲ್ ಸುರಿದರೆ ಆ ಬಾಟಲಿ ಮುದುಡಿಹೋಗುತ್ತದೆ, ಅದೇ ನಿಮಗೆ ಥರ್ಮಾಮೀಟರ್. ಹಿಂದೆ ಯಾರೋ ಕಡಿಮೆಯನ್ನೋ ಹೆಚ್ಚನ್ನೋ ತುಂಬಿಟ್ಟಿದ್ದರೆ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕಾಗಿಯೇ ಶುರುಮಾಡುವ ಹಿಂದಿನ ದಿನ ಮಟ್ಟ ಪರೀಕ್ಷಿಸಿ ಬರೆದಿಟ್ಟುಕೊಂಡಿರಬೇಕು. ಆಲಿಕೆಯ ಮೂಲಕ ನಿಧಾನವಾಗಿ ಸುರಿಯಿರಿ. ಡಿಪ್‌ಸ್ಟಿಕ್ ತೂತು ಸಣ್ಣದು, ಅವಸರಪಟ್ಟರೆ ಉಕ್ಕಿ ಹೊರಗೆ ಬರುತ್ತದೆ.

ತುಂಬಿದ ಮೇಲೆ ಕಾರನ್ನು ಸಮತಟ್ಟಾದ ನೆಲಕ್ಕೆ ಇಳಿಸಿ ಸ್ಟಾರ್ಟ್ ಮಾಡಿ. ಬ್ರೇಕ್ ಒತ್ತಿ ಹಿಡಿದು ಗೇರ್ ಲಿವರನ್ನು ಪ್ರತಿ ಸ್ಥಾನದಲ್ಲೂ ಮೂರು ನಾಲ್ಕು ಸೆಕೆಂಡ್ ನಿಲ್ಲಿಸುತ್ತಾ ಒಂದೆರಡು ಸಲ ಆಚೀಚೆ ಸರಿಸಿ, ‘ಪಿ’ಗೆ ತನ್ನಿ. ರೇಡಿಯೇಟರ್ ಫ್ಯಾನ್ ತಾನಾಗಿ ಶುರುವಾಗುವವರೆಗೆ ಇಂಜಿನ್ ಓಡಲಿ. ಎಸಿ ಹಾಕಿದ್ದರೆ ಫ್ಯಾನ್ ಮೊದಲೇ ತಿರುಗಿ ಮೋಸವಾಗುತ್ತದೆ, ಆರಿಸಿರಿ. ಫ್ಯಾನ್ ಬಂದ ಮೇಲೆ ಇಂಜಿನ್ ಆಫ್ ಮಾಡಿ, 60 ಸೆಕೆಂಡ್ ಬಿಟ್ಟು, 90 ಸೆಕೆಂಡ್ ಆಗುವುದರೊಳಗೆ ಡಿಪ್‌ಸ್ಟಿಕ್ ತೆಗೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ, ಎತ್ತಿ ನೋಡಿ. ಮಟ್ಟ ಎರಡು ಗುರುತುಗಳ ನಡುವೆ, ಮೇಲಿನ ಗುರುತಿನ ಹತ್ತಿರ ಇರಬೇಕು. ಈ ಅರ್ಧ ನಿಮಿಷದ ಅವಧಿ ಹೋಂಡಾದ ಕ್ರಮ. ಡಿಪ್‌ಸ್ಟಿಕ್ ಇರುವ ಟೊಯೊಟಾ ಮುಂತಾದ ಕಾರುಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ವೃತ್ತಿಯ ಆರಂಭದಲ್ಲಿ ನಾನು ಈ ಭೇದ ತಿಳಿಯದೆ ಹೋಂಡಾ ಕಾರೊಂದರ ಇಂಜಿನ್ ಓಡಿಸುತ್ತಲೇ ಮಟ್ಟ ನೋಡಿದೆ. ಪಂಪು ಆಯಿಲನ್ನು ಮೇಲಕ್ಕೆಳೆದುಕೊಂಡಿದ್ದರಿಂದ ಕಡಿಮೆ ಕಂಡಿತು, ಮುಕ್ಕಾಲು ಲೀಟರ್ ಹೆಚ್ಚಿಗೆ ಸುರಿದೆ. ತಿರುಗುವ ಗೇರುಗಳು ಆ ಹೆಚ್ಚಿನ ಆಯಿಲನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸಿದವು, ನೊರೆ ಗಾಳಿಯಾಡುವ ತೂತಾದ ಬ್ರೀದರಿನಿಂದ ಹೊರಬಂದು ಬಿಸಿ ಸೈಲೆನ್ಸರಿನ ಮೇಲೆ ಬಿದ್ದು ಹೊಗೆಯೆದ್ದಿತು. ಕಾರಿನ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಹೆಚ್ಚಾದದ್ದನ್ನು ಕೂಡಲೇ ಇಳಿಸಿದ್ದರಿಂದ ಹಾನಿಯಾಗಲಿಲ್ಲ, ಆದರೆ ಅಂದಿನಿಂದ ಡಿಪ್‌ಸ್ಟಿಕ್ಕಿಗೆ ಕೈಹಾಕುವ ಮೊದಲು ಕಾರಿನ ಕೈಪಿಡಿ ತೆರೆಯುತ್ತೇನೆ.

ಎರಡನೆಯ ಮತ್ತು ಮೂರನೆಯ ಸರದಿಯನ್ನು ಅದೇ ದಿನ ಮುಗಿಸಬಹುದು, ಆದರೆ ನಾನು ಹಾಗೆ ಹೇಳುವುದಿಲ್ಲ. ಒಂದೊಂದರ ನಡುವೆ 300ರಿಂದ 500 ಕಿ.ಮೀ. ಓಡಿಸಿ. ಹೊಸ ಆಯಿಲ್ ನಿಧಾನವಾಗಿ ಹಳೆಯ ಕೆಸರನ್ನು ಸಡಿಲಿಸುತ್ತದೆ, ಮುಂದಿನ ಸರದಿಯಲ್ಲಿ ಅದು ಇಳಿದುಹೋಗುತ್ತದೆ. ಇಳಿದದ್ದನ್ನು ಪ್ರತಿ ಸಲ ಒಂದು ಗಾಜಿನ ಶೀಷೆಯಲ್ಲಿ ಸ್ವಲ್ಪ ಎತ್ತಿಟ್ಟು, ಮೂರನ್ನೂ ಬೆಳಕಿಗೆ ಹಿಡಿದು ನೋಡಿದರೆ ಗೇರ್‌ಬಾಕ್ಸ್ ಹೇಗೆ ಸ್ವಚ್ಛವಾಗುತ್ತಿದೆ ಎಂಬುದು ನಿಮಗೇ ಕಾಣುತ್ತದೆ. ನಡುಕ ಮೊದಲ ಸಲವೇ ಅರ್ಧಕ್ಕೆ ಇಳಿಯಬಹುದು, ಎರಡನೆಯ ಸಲದ ನಂತರವೂ ಅಲ್ಲೊಮ್ಮೆ ಇಲ್ಲೊಮ್ಮೆ ಬರಬಹುದು. ಮೂರೂ ಮುಗಿದು 1,000 ಕಿ.ಮೀ. ಓಡಿದ ನಂತರ ಬ್ರೇಕ್ ಪೆಡಲಿನ ಪರೀಕ್ಷೆಯನ್ನು ಪುನಃ ಮಾಡಿ. ಆಗಲೂ ಹಾಗೆಯೇ ಇದ್ದರೆ ಲಾಕ್‌ಅಪ್ ಕ್ಲಚ್ಚಿನ ಲೇಪವೇ ಸವೆದಿದೆ ಅಥವಾ ಅದನ್ನು ನಿಯಂತ್ರಿಸುವ ಸೊಲೆನಾಯ್ಡಿನಲ್ಲಿ ತೊಂದರೆ ಇದೆ. ಒಳಗಿನ ಒತ್ತಡ ಅಳೆಯುವ ಗೇಜು ಇರುವ ಕಡೆ ಒಯ್ಯಬೇಕು. ಆಯಿಲಿಗೆ ಬೆರೆಸುವ ಆಡಿಟಿವ್ ಬಾಟಲಿ ತಂದು ಸುರಿಯುವ ಸಲಹೆಗಳು ಆ ಹೊತ್ತಿಗೆ ಬಂದೇ ಬರುತ್ತವೆ. ನಾನಾದರೆ ಆ ದುಡ್ಡನ್ನು ಸ್ಕ್ಯಾನಿಗೆ ಕೊಡುತ್ತೇನೆ.

ಎಲ್ಲ ಸರಿಹೋದರೆ ಮುಂದೆ 40,000 ಕಿ.ಮೀ.ಗೊಮ್ಮೆ ಒಂದೇ ಸಲ ಇಳಿಸಿ ತುಂಬಿದರೆ ಸಾಕು. ನಿಮ್ಮ ಘಾಟಿಯ ಓಡಾಟ ನೋಡಿದರೆ 30,000ಕ್ಕೆ ಮಾಡಿದರೂ ವ್ಯರ್ಥವೆನ್ನಲಾರೆ. ಆಗುಂಬೆ ಹತ್ತುವಾಗ ಲಿವರನ್ನು ‘ಎಸ್’ಗೆ ಹಾಕಿದರೆ ಗೇರ್‌ಬಾಕ್ಸ್ ಮೇಲಿನ ಗೇರಿಗೂ ಕೆಳಗಿನದಕ್ಕೂ ಪದೇ ಪದೇ ಜಿಗಿಯುವುದು ತಪ್ಪಿ, ಶಾಖ ಕಡಿಮೆಯಾಗುತ್ತದೆ. ಇಳಿಯುವಾಗಲೂ ಅದೇ ಒಳ್ಳೆಯದು, ಬ್ರೇಕಿಗೂ ಬಿಡುವು.

ಕೊನೆಗೆ ಉಳಿಯುವುದು ಏಳೂವರೆ ಲೀಟರ್ ಹಳೆಯ ಆಯಿಲ್. ಮರದ ಕಂಬಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಯಾರಾದರೂ ಕೇಳಿಯಾರು, ಕೊಡಬೇಡಿ; ಮಳೆಗಾಲದಲ್ಲಿ ಅದು ತೊಳೆದು ಬಾವಿಗೇ ಸೇರುತ್ತದೆ. ಚರಂಡಿಗೆ ಸುರಿದರೆ ತುಂಗೆಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಧಿಕೃತ ಮರುಸಂಸ್ಕರಣೆಗಾರರಿಗೇ ಹೋಗಬೇಕು, ದೊಡ್ಡ ಸರ್ವಿಸ್ ಕೇಂದ್ರಗಳು ಅವರಿಗೆ ಕೊಡಲು ಪೀಪಾಯಿಯಲ್ಲಿ ಸಂಗ್ರಹಿಸಿರುತ್ತವೆ. ಕೇಳಿಕೊಂಡರೆ ನಿಮ್ಮದನ್ನೂ ಸುರಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಅದನ್ನು ಡಿಡಬ್ಲ್ಯೂ-1ರ ಖಾಲಿ ಡಬ್ಬಿಗಳಲ್ಲೇ ತುಂಬಿಡಬೇಕಾಗುತ್ತದೆ. ಹಾಗೆ ತುಂಬಿದ ಪ್ರತಿ ಡಬ್ಬಿಯ ಮೇಲೂ ಮಾರ್ಕರಿನಿಂದ ‘ಹಳೆಯದು’ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮೂರನೆಯ ಸರದಿಯ ಹೊತ್ತಿಗೆ ಶೆಡ್ಡಿನಲ್ಲಿ ಒಂದೇ ತರಹದ ಹೊಸ ಡಬ್ಬಿಯೂ ಹಳೆಯ ಡಬ್ಬಿಯೂ ಅಕ್ಕಪಕ್ಕ ಇರುತ್ತವೆ.